ಮಾನವ ಜೀನೋಮ್ ಯಾರ ಸ್ವತ್ತು?



ನಮ್ಮ ಜೀವಕೋಶಗಳಲ್ಲಿರುವ ಡಿ.ಎನ್.ಎ. ನಾಲ್ಕೇ ಅಕ್ಷರಗಳಲ್ಲಿ ಬರೆದ ಬೃಹದ್ಗ್ರಂಥದಂತಿದೆ. ಸುಮಾರು 300 ಕೋಟಿ ಅಕ್ಷರಗಳ ಈ ಗ್ರಂಥವೇ ಮಾನವ ಜೀನೋಮ್. ಅನೇಕ ಆನುವಂಶಿಕ ರೋಗಗಳ ಮೂಲ ಇದರಲ್ಲಿನ ಅಕ್ಷರದೋಷಗಳಲ್ಲಿದೆ. ಆದುದರಿಂದ ಇದನ್ನು ಓದುವ ಅಧಿಕಾರ ಯಾರದು ಎಂಬ ಪ್ರಶ್ನೆ ವಿಜ್ಞಾನಿಗಳಿಗಷ್ಟೇ ಸೀಮಿತವಾದುದಲ್ಲ.

ಈ ಗ್ರಂಥವನ್ನು ಓದಲು ಎರಡು ಮಾರ್ಗಗಳು ತೆರೆದುಕೊಂಡವು. ಮೊದಲನೆಯದು ಸಾರ್ವಜನಿಕ ಮಾರ್ಗ. 1990ರಲ್ಲಿ ಅಮೆರಿಕ ಸರ್ಕಾರದ ಹಣದಿಂದ ಮಾನವ ಜೀನೋಮ್ ಯೋಜನೆ ಆರಂಭವಾಯಿತು. 15 ವರ್ಷಗಳ ಅವಧಿ ಹಾಗೂ 300 ಕೋಟಿ ಡಾಲರ್ ವೆಚ್ಚವನ್ನು ಅಂದಾಜು ಮಾಡಲಾಗಿತ್ತು. ಬ್ರಿಟನ್, ಜಪಾನ್, ಫ್ರಾನ್ಸ್, ಜರ್ಮನಿ ಮತ್ತು ಚೀನಾದ ವಿಜ್ಞಾನಿಗಳೂ ಕೈಜೋಡಿಸಿದರು. ಓದಿದ ಭಾಗವನ್ನು 24 ಗಂಟೆಗಳೊಳಗೆ ಜಗತ್ತಿಗೆ ಉಚಿತವಾಗಿ ಒದಗಿಸಬೇಕೆಂದು 1996ರಲ್ಲಿ ಬರ್ಮುಡಾದಲ್ಲಿ ನಡೆದ ಸಭೆ ನಿರ್ಧರಿಸಿತು.

ಎರಡನೆಯದು ವಾಣಿಜ್ಯ ಮಾರ್ಗ. 1998ರಲ್ಲಿ ಕ್ರೇಗ್ ವೆಂಟರ್ ಅವರ ನೇತೃತ್ವದ ಸೆಲೆರಾ ಕಂಪನಿಯು ಇದೇ ಕಾರ್ಯವನ್ನು ಮೂರೇ ವರ್ಷಗಳಲ್ಲಿ ಮುಗಿಸುವುದಾಗಿ ಸಾರಿತು. ಇಡೀ ಜೀನೋಮನ್ನು ಚೂರುಗಳನ್ನಾಗಿಸಿ ಓದಿ, ಗಣಕಯಂತ್ರದಿಂದ ಜೋಡಿಸುವುದು ಅದರ ವಿಧಾನ. ತನ್ನ ಮಾಹಿತಿಯನ್ನು ಅದು ಚಂದಾದಾರರಿಗೆ ಮಾರುತ್ತಿತ್ತು.

ಈ ಪೈಪೋಟಿಯಿಂದ ಕಾರ್ಯಕ್ಕೆ ವೇಗ ಬಂದುದು ನಿಜ. 2000ದ ಜೂನ್ 26ರಂದು ಶ್ವೇತಭವನದಲ್ಲಿ ಎರಡೂ ಪಕ್ಷಗಳು ಕರಡು ಸಿದ್ಧವಾದುದನ್ನು ಒಟ್ಟಾಗಿ ಪ್ರಕಟಿಸಿದವು. ಆದರೆ ಸೆಲೆರಾ ತನ್ನ ಜೋಡಣೆಗೆ ಸಾರ್ವಜನಿಕ ಮಾಹಿತಿಯನ್ನೂ ಬಳಸಿಕೊಂಡಿತ್ತೆಂಬುದನ್ನು ಮರೆಯಲಾಗದು.

ಮಾಹಿತಿಗೆ ಬೇಲಿ ಹಾಕಿದರೆ ಆಗುವ ನಷ್ಟವೇನು? ಅರ್ಥಶಾಸ್ತ್ರಜ್ಞೆ ಹೈಡಿ ವಿಲಿಯಮ್ಸ್ ಅವರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ನೀಡುತ್ತದೆ. ಸೆಲೆರಾದ ಹಿಡಿತದಲ್ಲಿದ್ದ ವಂಶವಾಹಿಗಳ ಕುರಿತ ಮುಂದಿನ ಸಂಶೋಧನೆ ಮತ್ತು ರೋಗಪರೀಕ್ಷೆಗಳ ಅಭಿವೃದ್ಧಿ ಶೇಕಡಾ 20ರಿಂದ 30ರಷ್ಟು ಕುಂಠಿತವಾಗಿತ್ತು. ಆ ಹಿಡಿತ ಕೆಲವೇ ವರ್ಷಗಳದು. ಅದರ ಪರಿಣಾಮ ಮಾತ್ರ ಆನಂತರವೂ ಉಳಿಯಿತು. 2005ರಲ್ಲಿ ಕಂಪನಿಯೇ ತನ್ನ ಮಾಹಿತಿಯನ್ನು ಸಾರ್ವಜನಿಕ ಭಂಡಾರಕ್ಕೆ ಬಿಟ್ಟುಕೊಟ್ಟಿತು. ನಿಸರ್ಗದತ್ತ ಡಿ.ಎನ್.ಎ.ಗೆ ಪೇಟೆಂಟ್ ಸಲ್ಲದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ತೀರ್ಪಿತ್ತಿತು.

ನಮ್ಮ ದೇಶಕ್ಕೂ ಇದರಲ್ಲಿ ಪಾಠವಿದೆ. ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಿಂದ 2020ರಲ್ಲಿ ಆರಂಭವಾದ ಜೀನೋಮ್ ಇಂಡಿಯಾ ಯೋಜನೆಯು 10,000 ಭಾರತೀಯರ ಜೀನೋಮ್‌ಗಳನ್ನು ಓದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಇದರ ಸಮನ್ವಯ ವಹಿಸಿತ್ತೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಫರೀದಾಬಾದಿನ ಭಂಡಾರದಲ್ಲಿರುವ ಈ ಮಾಹಿತಿ 2025ರಿಂದ ನಿಯಮಾನುಸಾರ ಸಂಶೋಧಕರಿಗೆ ಲಭ್ಯವಾಗಿದೆ.

ಔಷಧ ತಯಾರಿಕೆಗೆ ಖಾಸಗಿ ಬಂಡವಾಳ ಬೇಕು. ಶ್ರಮಕ್ಕೆ ತಕ್ಕ ಲಾಭವೂ ನ್ಯಾಯವೇ. ಬಾವಿಯಿಂದ ನೀರು ಸೇದಿ ಮನೆಮನೆಗೆ ಹೊತ್ತು ತಂದವನಿಗೆ ಕೂಲಿ ಸಲ್ಲಲಿ. ಆದರೆ ಬಾವಿಗೆ ಬೀಗ ಬೀಳದಿರಲಿ.