ವಿಮಾನದ ಹಳೆಯ ಎಂಜಿನ್ ಮತ್ತು ಗ್ಯಾರೇಜಿನ ನಮ್ಮ ಹುಡುಗರು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕನಿಗೆ ವಿಮಾನದ ಎಂಜಿನ್ನಿನ ಗೊಡವೆ ಏಕೆ ಎಂದು ತಾವು ಕೇಳಬಹುದು. ಇದಕ್ಕೆ ಕಾರಣ ನನ್ನ ಒಬ್ಬ ಹಳೆಯ ವಿದ್ಯಾರ್ಥಿ. ಒಂಬತ್ತನೆಯ ತರಗತಿಯಲ್ಲಿದ್ದಾಗ ಅವನ ತಂದೆ ಹಮಾಲಿ ಕೆಲಸದಲ್ಲಿ ಕಾಲು ಮುರಿದುಕೊಂಡರು. ಹುಡುಗ ಶಾಲೆ ಬಿಟ್ಟು ಗ್ಯಾರೇಜ್ ಸೇರಿದ. ಎರಡು ವರ್ಷದ ನಂತರ ನನ್ನ ಬೈಕು ಕೆಟ್ಟು ಅಲ್ಲಿಗೆ ತಳ್ಳಿಕೊಂಡು ಹೋದೆ. ಕಿಕ್ ಹೊಡೆದ ಸದ್ದು ಕೇಳಿಯೇ ಅವನು ದೋಷ ಹೇಳಿದ. "ಇಷ್ಟು ಜಾಣ ಇದ್ದೀ, ಸಾಲಿ ಯಾಕ ಬಿಟ್ಟೆಪ್ಪಾ?" ಎಂದೆ. "ಸರ್, ಸಾಲ್ಯಾಗ ಕಲಿತದ್ದು ಇಲ್ಲಿ ಯಾವುದಕ್ಕೂ ಬರಂಗಿಲ್ರಿ" ಎಂದ.

ಆ ದಿನ ನಾನು ಉತ್ತರ ಕೊಡಲಾಗದೆ ಸುಮ್ಮನೆ ಮನೆಗೆ ಬಂದೆ. ಇಂದಿನ ಈ ಮಾತುಗಳೇ ಅವನಿಗೆ ನಾನು ಕೊಡಬೇಕಾಗಿದ್ದ ಉತ್ತರ.

ಮೊದಲು ಅವನ ಪರವಾಗಿಯೇ ಒಂದು ಮಾತು ಹೇಳುತ್ತೇನೆ. 1903ರಲ್ಲಿ ರೈಟ್ ಸಹೋದರರಿಗೆ ವಿಮಾನಕ್ಕೆ ಹಗುರವಾದ ಎಂಜಿನ್ ಬೇಕಾಗಿತ್ತು. ಹಲವು ಕಂಪನಿಗಳಿಗೆ ಪತ್ರ ಬರೆದರೂ ಯಾರೂ ಕೊಡಲಿಲ್ಲ. ಕೊನೆಗೆ ಅವರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಒಂದು ಲೇತ್, ಒಂದು ಡ್ರಿಲ್ಲಿಂಗ್ ಯಂತ್ರ ಇಟ್ಟುಕೊಂಡು ಸುಮಾರು ಆರು ವಾರಗಳಲ್ಲಿ ನಾಲ್ಕು ಸಿಲಿಂಡರಿನ, 12 ಅಶ್ವಶಕ್ತಿಯ ಎಂಜಿನ್ ಕಟ್ಟಿಕೊಟ್ಟರು. ಇಂದು ನಮ್ಮ ಹತ್ತಿರದ ಬೇವಿನಹಳ್ಳಿಯ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಸಿಲಿಂಡರ್ ಬ್ಲಾಕ್‌ಗಳನ್ನು ಬೀಡು ಕಬ್ಬಿಣದಲ್ಲಿ ಎರಕ ಹೊಯ್ಯುತ್ತಾರೆ. ಅಷ್ಟು ಭಾರವನ್ನು ಆ ಪುಟ್ಟ ವಿಮಾನ ಎತ್ತಲಾರದು. ಆದ್ದರಿಂದ ಟೇಲರ್ ಅಲ್ಯೂಮಿನಿಯಂ ಬಳಸಿದರು. ಅವರು ಹೆಚ್ಚು ಶಾಲೆ ಕಲಿತವರಲ್ಲ. ಗ್ಯಾರೇಜಿನ ಕೈಯನ್ನು ಯಾರೂ ಕೀಳಾಗಿ ಕಾಣಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ವಿಮಾನದ ರೆಕ್ಕೆ, ಪಂಖಗಳ ಲೆಕ್ಕ ಹಾಕಿದವರು ರೈಟ್ ಸಹೋದರರು. ಹೆಸರು ಅವರದಾಯಿತು. ಟೇಲರ್ ಬಡತನದಲ್ಲಿ ಕೊನೆಗಾಲ ಕಳೆದು 1956ರಲ್ಲಿ ತೀರಿಕೊಂಡರು.

ಇನ್ನು ಶಾಲೆಯ ಪರವಾಗಿ. ಹಳೆಯ ವಿಮಾನಗಳಲ್ಲಿ ಸಿಲಿಂಡರ್‌ಗಳನ್ನು ಸೂರ್ಯನ ಕಿರಣಗಳಂತೆ ಸುತ್ತಲೂ ಜೋಡಿಸುತ್ತಿದ್ದರು. ಇದಕ್ಕೆ ರೇಡಿಯಲ್ ಎಂಜಿನ್ ಎನ್ನುತ್ತಾರೆ. ಬೈಕಿನ ಸಿಲಿಂಡರ್ ಮೇಲಿರುವ ತಗಡಿನಂಥ ಪಟ್ಟಿಗಳು ಇಲ್ಲಿಯೂ ಇರುತ್ತವೆ. ಬೀಸುವ ಗಾಳಿಯೇ ಅವನ್ನು ತಂಪು ಮಾಡುತ್ತದೆ. ವಿಶೇಷವೆಂದರೆ ಒಂದು ಸುತ್ತಿನಲ್ಲಿ ಸಿಲಿಂಡರ್‌ಗಳು ಐದೋ, ಏಳೋ, ಒಂಬತ್ತೋ ಇರುತ್ತವೆಯೇ ಹೊರತು ಆರು, ಎಂಟು ಇರುವುದಿಲ್ಲ. ಏಕೆ? ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಉರಿಯಬೇಕು. ನಡಿಗೆ ಸಮನಾಗಿರಬೇಕಾದರೆ ಒಂದು ಬಿಟ್ಟು ಒಂದು ಉರಿಯಬೇಕು. ಏಳು ಸಿಲಿಂಡರ್ ಇದ್ದರೆ 1, 3, 5, 7, ಆಮೇಲೆ 2, 4, 6. ಎಲ್ಲರಿಗೂ ಪಾಳಿ ಬಂತು. ಆರು ಇದ್ದರೆ 1, 3, 5 ಆದ ಮೇಲೆ ಮತ್ತೆ 1 ಬಂದುಬಿಡುತ್ತದೆ. 2, 4, 6ಕ್ಕೆ ಪಾಳಿಯೇ ಇಲ್ಲ! ಮಕ್ಕಳೇ, ಇದು ನೀವು ಪ್ರಾಥಮಿಕ ಶಾಲೆಯಲ್ಲಿ ಕಲಿತ ಸಮಸಂಖ್ಯೆ, ಬೆಸಸಂಖ್ಯೆಯ ಪಾಠ. ಶಾಲೆಯ ಪಾಠ ಎಂಜಿನ್ನಿನ ಒಳಗೇ ಕೂತಿದೆ. ಅದನ್ನು ತೋರಿಸದೆ ಇದ್ದದ್ದು ನಮ್ಮಂಥ ಶಿಕ್ಷಕರ ತಪ್ಪು.

1909ರ ಹೊತ್ತಿಗೆ ಫ್ರಾನ್ಸಿನಲ್ಲಿ ನೋಮ್ ಎಂಬ ಎಂಜಿನ್ ಬಂತು. ಅದರಲ್ಲಿ ಪಂಖದ ಜೊತೆಗೆ ಇಡೀ ಎಂಜಿನ್ನೇ ತಿರುಗುತ್ತಿತ್ತು. ಅದಕ್ಕೆ ಹಾಕುತ್ತಿದ್ದದ್ದು ನಮ್ಮ ಹೊಲದ ಔಡಲ ಎಣ್ಣೆ. ಏಕೆಂದರೆ ಔಡಲ ಎಣ್ಣೆ ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಇದು ರಸಾಯನಶಾಸ್ತ್ರ. ಅದರ ಹೊಗೆ ಕುಡಿದು ಪೈಲಟ್‌ಗಳ ಹೊಟ್ಟೆ ಕೆಡುತ್ತಿತ್ತು ಎಂಬುದು ಬೇರೆ ಮಾತು.

ಇನ್ನೂ ಹಿಂದಕ್ಕೆ ಹೋದರೆ, 1206ರಲ್ಲಿ ಅಲ್-ಜಝರಿ ಎಂಬ ಮುಸ್ಲಿಂ ಯಂತ್ರಶಿಲ್ಪಿ ತನ್ನ ಗ್ರಂಥದಲ್ಲಿ ಎರಡು ಸಿಲಿಂಡರಿನ ನೀರೆತ್ತುವ ಪಂಪನ್ನು ಚಿತ್ರ ಸಹಿತ ವಿವರಿಸಿದ್ದಾರೆ. ಚಕ್ರ ತಿರುಗುವ ಚಲನೆಯನ್ನು ಪಿಸ್ಟನ್ ಹಿಂದೆ-ಮುಂದೆ ಓಡುವ ಚಲನೆಯಾಗಿ ಅವರು ಬದಲಿಸಿದ್ದರು. ಅವರು ಕೈಯಿಂದ ಮಾಡಿ ಬಿಟ್ಟಿದ್ದರೆ ಅದು ಅವರೊಂದಿಗೇ ಮಣ್ಣಾಗುತ್ತಿತ್ತು. ಬರೆದಿಟ್ಟಿದ್ದರಿಂದ ಎಂಟು ನೂರು ವರ್ಷಗಳ ನಂತರವೂ ನಾವು ಓದುತ್ತಿದ್ದೇವೆ.

ಈಗ ನಮ್ಮ ಸೀಮೆಗೆ ಬರೋಣ. 1918ರಲ್ಲಿ ಹುಲಿಗಿ, ಕೊಪ್ಪಳ ಎಲ್ಲವೂ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ವರ್ಷ ನಿಜಾಮರು ಬ್ರಿಟಿಷ್ ವಾಯುಪಡೆಯ 110ನೇ ಸ್ಕ್ವಾಡ್ರನ್‌ಗೆ ಡಿಎಚ್-9ಎ ವಿಮಾನಗಳನ್ನು ಕಾಣಿಕೆಯಾಗಿ ಕೊಟ್ಟರು. ಅವಕ್ಕೆ 12 ಸಿಲಿಂಡರಿನ, 400 ಅಶ್ವಶಕ್ತಿಯ ಲಿಬರ್ಟಿ ಎಂಜಿನ್ ಇತ್ತು. ಹೈದರಾಬಾದಿನ ಹೆಸರು ಬರೆದಿದ್ದ ಅಂಥ ಒಂದು ವಿಮಾನ ಲಂಡನ್ನಿನ ವಾಯುಪಡೆ ಮ್ಯೂಸಿಯಂ ಸೇರಿದೆ. ಹೆಮ್ಮೆ ಪಡೋಣ. ಆದರೆ ಒಂದು ವಿಷಯ ವಿಚಾರ ಮಾಡಿ. ಹಣ ನಮ್ಮ ಸಂಸ್ಥಾನದ್ದು, ಎಂಜಿನ್ ಮಾಡಿದ ಕೈ ನಮ್ಮದಲ್ಲ.

ಇನ್ನೊಂದು ದಾರಿಯೂ ಇತ್ತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆರೆದಾಗ ಮೈಸೂರು ಸಂಸ್ಥಾನವನ್ನು ಅದರಲ್ಲಿ ಪಾಲುದಾರನಾಗಿ ನಿಲ್ಲಿಸಿದ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಅಲ್ಲಿ ಸಂಸ್ಥಾನದ ಹಣದಿಂದ ವಿಮಾನ ಕೊಳ್ಳಲಿಲ್ಲ, ವಿಮಾನ ಕಲಿಯುವ ಕೈಗಳನ್ನು ತಯಾರು ಮಾಡಿದರು. 1943ರಲ್ಲಿ ಅಮೆರಿಕದ ವಾಯುಸೇನೆ ಆ ಕಾರ್ಖಾನೆಯನ್ನು ವಹಿಸಿಕೊಂಡು ವಿಮಾನ, ಎಂಜಿನ್‌ಗಳ ದುರಸ್ತಿ ಕೇಂದ್ರ ಮಾಡಿತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಹಾಳುಗೆಡವಿ ಬಿಟ್ಟಿದ್ದ ಲಿಬರೇಟರ್ ಬಾಂಬರ್‌ಗಳನ್ನು ನಮ್ಮ ಮೆಕ್ಯಾನಿಕ್‌ಗಳು ಹಾರುವ ಮಟ್ಟಿಗೆ ಸರಿಪಡಿಸಿ, ಬೆಂಗಳೂರಿಗೆ ತಂದು ಪೂರ್ತಿ ರಿಪೇರಿ ಮಾಡಿದರು. ಸುಮಾರು ನಲವತ್ತು ವಿಮಾನ. ಒಂದೊಂದಕ್ಕೆ ನಾಲ್ಕು ಎಂಜಿನ್, ಒಂದೊಂದು ಎಂಜಿನ್ನಿಗೆ ಏಳರ ಎರಡು ಸಾಲಿನಲ್ಲಿ 14 ಸಿಲಿಂಡರ್, 1200 ಅಶ್ವಶಕ್ತಿ. ಅವು ನಮ್ಮ ವಾಯುಪಡೆಯಲ್ಲಿ 1968ರವರೆಗೆ ಹಾರಿದವು. ಅದೇ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರು ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಮೇಲೇರಿತು.

ವಿದ್ಯಾರ್ಥಿನಿಯರಿಗೆ ಒಂದು ಸಂಗತಿ. ಎರಡನೆಯ ಮಹಾಯುದ್ಧದಲ್ಲಿ ಹೈದರಾಬಾದ್ ಹೆಸರಿನ 152ನೇ ಸ್ಕ್ವಾಡ್ರನ್ ಸ್ಪಿಟ್‌ಫೈರ್ ವಿಮಾನ ಹಾರಿಸುತ್ತಿತ್ತು. ಅದರ ಮರ್ಲಿನ್ ಎಂಜಿನ್ನಿಗೆ ಒಂದು ರೋಗವಿತ್ತು. ವಿಮಾನ ಥಟ್ಟನೆ ಮೂತಿ ಕೆಳಗೆ ಮಾಡಿದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ತುಂಬಿ ಎಂಜಿನ್ ಉಸಿರುಗಟ್ಟುತ್ತಿತ್ತು. ಶತ್ರುವಿನ ಎದುರು ಅದು ಪ್ರಾಣದ ಮಾತು. 1941ರಲ್ಲಿ ಇದಕ್ಕೆ ಮದ್ದು ಕಂಡುಹಿಡಿದವರು ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳೆ. ಅಳತೆ ಮಾಡಿ ತೂತು ಕೊರೆದ ಒಂದು ಪುಟ್ಟ ಲೋಹದ ಬಿಲ್ಲೆ, ಅಷ್ಟೇ. ಎಂಜಿನ್ನಿಗೆ ಬೇಕಾದದ್ದಕ್ಕಿಂತ ಹೆಚ್ಚು ಪೆಟ್ರೋಲ್ ಅದರಲ್ಲಿ ಹಾಯುತ್ತಿರಲಿಲ್ಲ. ಅವರು ಮೊದಲು ವೈರಿಂಗ್ ಕೆಲಸ ಕಲಿತು, ಆಮೇಲೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಮೋಟರ್‌ಸೈಕಲ್ ರೇಸಿನಲ್ಲಿ ಗಂಡಸರನ್ನು ಸೋಲಿಸಿದವರು. ತೂತು ಕೊರೆಯುವುದು ಯಾವ ಮೆಕ್ಯಾನಿಕ್‌ಗೂ ಬರುತ್ತದೆ. ಎಷ್ಟು ದೊಡ್ಡ ತೂತು ಎಂಬುದನ್ನು ಹೇಳಿದ್ದು ಅವರ ಓದು. ಹೆಣ್ಣುಮಕ್ಕಳಿಗೆ ಏಕೆ ಇಷ್ಟು ತಾಲೀಮು ಎನ್ನುವವರು ಈ ಬಿಲ್ಲೆಯನ್ನು ನೆನಪಿಡಬೇಕು.

ಹಿರಿಯರೇ, ಹುಣ್ಣಿಮೆ ಬಂದರೆ ಹುಲಿಗೆಮ್ಮನ ದರ್ಶನಕ್ಕೆ ಬರುವ ಟಂಟಂ, ಟ್ರ್ಯಾಕ್ಟರ್‌ಗಳಲ್ಲಿ ಎಷ್ಟೋ ನಮ್ಮ ಹುಡುಗರ ಕೈಯಲ್ಲೇ ರಿಪೇರಿಯಾಗಿ ಊರಿಗೆ ಮರಳುತ್ತವೆ. ಕೈಗುಣಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಎಸ್ಸೆಸ್ಸೆಲ್ಸಿ ಇಲ್ಲದವನಿಗೆ ಫಿಟ್ಟರ್, ಡೀಸೆಲ್ ಮೆಕ್ಯಾನಿಕ್‌ನ ಐಟಿಐ ಸರ್ಟಿಫಿಕೇಟ್ ಕೈಗೆ ಸಿಗುವುದು ಬಹಳ ಕಷ್ಟ. ಅದು ಇಲ್ಲದೆ ದೊಡ್ಡ ಕಾರ್ಖಾನೆಗಳ ಅಪ್ರೆಂಟಿಸ್ ಕೆಲಸ ಸಿಗುವುದೂ ಕಷ್ಟ. ನನ್ನ ವಿದ್ಯಾರ್ಥಿ ನಿಂತಿರುವುದು ಈ ಬಾಗಿಲಿನ ಹೊರಗೆ.

ಆದ್ದರಿಂದ ಸಂಘಕ್ಕೆ ನನ್ನ ಮನವಿ ಮೂರು. ಒಂದು, ನಮ್ಮ ಮೊಹಲ್ಲಾಗಳಲ್ಲಿ ಶಾಲೆ ಬಿಟ್ಟು ಗ್ಯಾರೇಜ್, ವೆಲ್ಡಿಂಗ್ ಅಂಗಡಿ ಸೇರಿದ ಮಕ್ಕಳ ಪಟ್ಟಿ ಮಾಡೋಣ. ಎರಡು, ಇಶಾ ನಮಾಜಿನ ನಂತರ ಒಂದೂವರೆ ತಾಸು ತರಗತಿ ನಡೆಸಿ ಅವರನ್ನು ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂಡಿಸೋಣ. ಭಾಷೆಗಳನ್ನು ನಾನು ಕಲಿಸುತ್ತೇನೆ, ಗಣಿತ-ವಿಜ್ಞಾನಕ್ಕೆ ಯಾರಾದರೂ ಮುಂದೆ ಬನ್ನಿ. ಮೂರು, ಈ ವರ್ಷದ ಪ್ರವಾಸದಲ್ಲಿ ಬೆಂಗಳೂರಿನ ಎಚ್‌ಎಎಲ್ ವಿಮಾನ ಮ್ಯೂಸಿಯಂ ಸೇರಿಸೋಣ. ಶಾಲೆಯ ಮಕ್ಕಳ ಜೊತೆ ಗ್ಯಾರೇಜಿನ ಹುಡುಗರನ್ನೂ ಕರೆದೊಯ್ಯೋಣ. ಅಲ್ಲಿ ಪಾಠ ಹೇಳುವವರು ಅವರೇ ಆಗಲಿ.

ಕೊನೆಯ ಮಾತು. ವಿಮಾನದ ಪಿಸ್ಟನ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್ ಇರುತ್ತವೆ, ಎರಡು ಬೇರೆ ಬೇರೆ ಮ್ಯಾಗ್ನೆಟೋಗಳಿಂದ ಕಿಡಿ ಬರುತ್ತದೆ. ಒಂದೇ ಇದ್ದರೂ ಎಂಜಿನ್ ಓಡುತ್ತದೆ, ಆದರೆ ಬಲ ಕುಗ್ಗುತ್ತದೆ. ಅದಕ್ಕೇ ಪೈಲಟ್ ನೆಲ ಬಿಡುವ ಮುನ್ನ ಎರಡನ್ನೂ ಒಂದೊಂದಾಗಿ ಪರೀಕ್ಷಿಸುತ್ತಾನೆ. ನಮ್ಮ ಮಕ್ಕಳಿಗೂ ಕೈ ಒಂದು ಕಿಡಿ, ಓದು ಇನ್ನೊಂದು ಕಿಡಿ. ಎರಡೂ ಇವೆಯೇ ಎಂದು ಅವರನ್ನು ಬಾಳಿಗೆ ಕಳಿಸುವ ಮುನ್ನ ನೋಡುವುದು ನಮ್ಮ ಜವಾಬ್ದಾರಿ.

ಅಲ್ಲಾಹನು ನಮ್ಮ ಈ ಪ್ರಯತ್ನವನ್ನು ಕಬೂಲ್ ಮಾಡಲಿ, ಆಮೀನ್.