ಎಲೆ ನೀರನ್ನು ಒಡೆಯುವ ಬಗೆ

ನಾವು ಉಸಿರಾಡುವ ಆಮ್ಲಜನಕ ಮೂಲತಃ ನೀರಿನದು. ಗಿಡಮರಗಳೂ ಪಾಚಿಗಳೂ ಬಿಸಿಲಿನ ಬಲದಿಂದ ನೀರನ್ನು ಒಡೆದಾಗ ಹೊರಬಿದ್ದ ಅನಿಲವದು. ಇದು ಖಚಿತವಾಗಲು ವಿಜ್ಞಾನಕ್ಕೆ 170 ವರ್ಷ ಹಿಡಿಯಿತು.

1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ, ಮೇಣದ ಬತ್ತಿ ಉರಿದು ಆರಿಹೋದ ಗಾಳಿಯಲ್ಲಿ ಪುದೀನದ ಕುಡಿಯೊಂದನ್ನು ಇಟ್ಟರು. ಕೆಲವು ದಿನಗಳ ಮೇಲೆ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. ಗಾಳಿಯನ್ನು ಹೀಗೆ ತಿಳಿಗೊಳಿಸಲು ಬೆಳಕು ಬೇಕು, ಗಿಡದ ಹಸಿರು ಭಾಗವೇ ಬೇಕು ಎಂದು 1779ರಲ್ಲಿ ಡಚ್ ವೈದ್ಯ ಯಾನ್ ಇಂಗೆನ್‌ಹೌಸ್ ತೋರಿಸಿದರು. ಆದರೆ ಆ ಆಮ್ಲಜನಕ ಬಂದದ್ದೆಲ್ಲಿಂದ? ಎಲೆ ಹೀರುವ ಇಂಗಾಲದ ಡೈಆಕ್ಸೈಡ್‌ನಿಂದ ಎಂದೇ ಬಹುಕಾಲ ನಂಬಲಾಗಿತ್ತು.

ಆ ನಂಬಿಕೆ ಅಲುಗಾಡಿದ್ದು ಆಮ್ಲಜನಕವನ್ನೇ ಬಿಡದ ಜೀವಿಗಳಿಂದ. ನೇರಳೆ ಗಂಧಕ ಬ್ಯಾಕ್ಟೀರಿಯಾ ನೀರಿನ ಬದಲು ಹೈಡ್ರೋಜನ್ ಸಲ್ಫೈಡ್ ಬಳಸುತ್ತವೆ, ಕೊನೆಗೆ ಗಂಧಕ ಉಳಿಯುತ್ತದೆ. ಹಾಗಿದ್ದರೆ ಗಿಡ ಬಿಡುವ ಆಮ್ಲಜನಕ ನೀರಿನದೇ ಇರಬೇಕೆಂದು 1930ರ ದಶಕದಲ್ಲಿ ಕಾರ್ನೆಲಿಸ್ ವಾನ್ ನೀಲ್ ತರ್ಕಿಸಿದರು. 1941ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಸ್ಯಾಮ್ಯುಯಲ್ ರೂಬೆನ್, ಮಾರ್ಟಿನ್ ಕೇಮನ್ ಮತ್ತು ಸಂಗಡಿಗರು ಭಾರದ ಆಮ್ಲಜನಕ-18 ಬೆರೆತ ನೀರಿನಲ್ಲಿ ಪಾಚಿ ಬೆಳೆಸಿ ನೋಡಿದರು. ಹೊರಬಂದ ಅನಿಲದಲ್ಲಿ ಆ ಗುರುತು ಸಿಕ್ಕಿತು.

ನೀರನ್ನು ಒಡೆಯುವುದು ಸುಲಭದ ಮಾತಲ್ಲ. ಎರಡು ಅಣು ನೀರಿನಿಂದ ನಾಲ್ಕು ಎಲೆಕ್ಟ್ರಾನ್ ಕಿತ್ತರೆ ಮಾತ್ರ ಒಂದು ಅಣು ಆಮ್ಲಜನಕ ಬರುತ್ತದೆ. ಬೆಳಕಿನ ಒಂದು ಕಣವಾದರೋ ಒಂದೇ ಎಲೆಕ್ಟ್ರಾನನ್ನು ಕದಲಿಸಬಲ್ಲದು.

ಎಲೆ ಈ ಲೆಕ್ಕ ಸರಿದೂಗಿಸುವ ಬಗೆಯನ್ನು ಪ್ಯಾರಿಸ್‌ನ ಪಿಯೆರ್ ಜೋಲಿಯೊ 1969ರಲ್ಲಿ ಹಿಡಿದರು. ಎಲೆಯ ಹಸಿರು ಕಣಗಳಾದ ಕ್ಲೋರೋಪ್ಲಾಸ್ಟ್‌ಗಳನ್ನು ಕತ್ತಲಲ್ಲಿಟ್ಟು ಅವುಗಳ ಮೇಲೆ ಅವರು ಕ್ಷಣಮಾತ್ರದ ಬೆಳಕನ್ನು ಒಂದಾದ ಮೇಲೊಂದು ಹಾಯಿಸಿದರು. ಮೂರನೆಯ ಮಿಂಚಿಗೆ ಆಮ್ಲಜನಕ ಹೆಚ್ಚು ಬಂತು. ಆಮೇಲೆ ಪ್ರತಿ ನಾಲ್ಕಕ್ಕೊಮ್ಮೆ ಏರಿತು. 1970ರಲ್ಲಿ ಬೆಸೆಲ್ ಕೊಕ್ ಅದರ ಅರ್ಥ ಬಿಡಿಸಿದರು: ಎಲೆಯೊಳಗಿನ ಯಂತ್ರ, ಹುಂಡಿಗೆ ನಾಣ್ಯ ಹಾಕಿದಂತೆ, ವಿದ್ಯುದಂಶವನ್ನು ಒಂದೊಂದಾಗಿ ಕೂಡಿಡುತ್ತದೆ, ನಾಲ್ಕು ತುಂಬಿದಾಗಲೇ ಆಮ್ಲಜನಕ ಬಿಡುತ್ತದೆ. ಕತ್ತಲಲ್ಲೇ ಬಹುಪಾಲು ಯಂತ್ರಗಳಲ್ಲಿ ಒಂದು ಸೇರಿರುವುದರಿಂದ ಮೊದಲ ಸುತ್ತಿಗೆ ಮೂರು ಮಿಂಚು ಸಾಕು.

ಆ ಯಂತ್ರದ ನಡುವೆ ಇರುವುದು ಅಪರೂಪದ ಲೋಹವಲ್ಲ. ನಮ್ಮ ಸಂಡೂರಿನ ಗಣಿಗಳಲ್ಲೂ ತೆಗೆಯುವ ಮ್ಯಾಂಗನೀಸ್! ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ, ಅವನ್ನು ಬೆಸೆಯುವ ಐದು ಆಮ್ಲಜನಕ ಪರಮಾಣುಗಳು. ಇದರ ಸ್ಪಷ್ಟ ರೂಪವನ್ನು 2011ರಲ್ಲಿ ಜಪಾನಿನ ಜಿಯಾನ್-ರೆನ್ ಶೆನ್, ನೊಬುವೊ ಕಮಿಯಾ ಅವರ ತಂಡ ಎಕ್ಸ್-ರೇ ಮೂಲಕ ಬಿಡಿಸಿತು.

ಎಲೆಯ ಗುಟ್ಟನ್ನು ಇಂಧನಕ್ಕೆ ಒಗ್ಗಿಸುವ ಆಸೆ ಈ ಶೋಧಗಳಿಗಿಂತ ಹಳೆಯದು. ಕಲ್ಲಿದ್ದಲಿನ ಬದಲು ಬಿಸಿಲಿನಿಂದ ರಾಸಾಯನಿಕಗಳನ್ನು ಪಡೆಯುವ ಕಾಲವನ್ನು ಇಟಲಿಯ ಜಾಕೊಮೊ ಚಿಯಾಮಿಚಾನ್ 1912ರಲ್ಲೇ ನ್ಯೂಯಾರ್ಕ್‌ನ ಸಭೆಯಲ್ಲಿ ಬಣ್ಣಿಸಿದ್ದರು. 1972ರಲ್ಲಿ ಜಪಾನಿನ ಅಕಿರಾ ಫುಜಿಶಿಮಾ, ಕೆನಿಚಿ ಹೊಂಡಾ ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬೀಳಿಸಿ ನೀರನ್ನು ಒಡೆದರು. ಆದರೆ ಅದು ಬಿಸಿಲಿನಲ್ಲಿ ತೀರಾ ಕಡಿಮೆ ಇರುವ ಅತಿನೇರಳೆ ಕಿರಣಗಳನ್ನಷ್ಟೇ ಹೀರುತ್ತದೆ.

ಎಲೆಗೆ ಇನ್ನೊಂದು ಗುಣವಿದೆ. ಬೆಳಕಿನ ಹೊಡೆತಕ್ಕೆ ಹಾಳಾಗುವ ಡಿ1 ಎಂಬ ಪ್ರೋಟೀನನ್ನು ಪ್ರಖರ ಬಿಸಿಲಿನಲ್ಲಿ ಸುಮಾರು ಅರ್ಧ ಗಂಟೆಗೊಮ್ಮೆ ಬದಲಿಸಿಕೊಳ್ಳುತ್ತದೆ. ಅಮೆರಿಕದ ಡೇನಿಯಲ್ ನೊಸೆರಾ 2008ರಲ್ಲಿ ಮ್ಯಾಥ್ಯೂ ಕನನ್ ಜೊತೆ ರೂಪಿಸಿದ ಕೋಬಾಲ್ಟ್-ಫಾಸ್ಫೇಟ್ ವೇಗವರ್ಧಕವೂ ಸವೆದಂತೆ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆ. 2011ರಲ್ಲಿ ಅವರ ತಂಡ ಅದನ್ನು ಸಿಲಿಕಾನ್‌ಗೆ ಬೆಸೆದು 'ಕೃತಕ ಎಲೆ' ತಯಾರಿಸಿತು.

2021ರಲ್ಲಿ ಕಜುನಾರಿ ಡೊಮೆನ್ ತಂಡ ಜಪಾನಿನಲ್ಲಿ ಬೆಳಕಿನಿಂದ ನೀರನ್ನು ಒಡೆಯುವ 100 ಚದರ ಮೀಟರ್ ಫಲಕಗಳಿಂದ ಬಯಲಿನಲ್ಲೇ ಹೈಡ್ರೋಜನ್ ತೆಗೆದದ್ದನ್ನು ವರದಿ ಮಾಡಿತು. ಇಂಧನವಾದದ್ದು ಬಿಸಿಲಿನ ಶಕ್ತಿಯಲ್ಲಿ ಹೆಚ್ಚೆಂದರೆ ಶೇ. 0.76. ಅಲ್ಲೂ ಅಡ್ಡಿ ಅದೇ, ಅತಿನೇರಳೆಯ ಮಿತಿ. ಹಾಗಾಗಿ ಕಣ್ಣಿಗೆ ಕಾಣುವ ಬೆಳಕಲ್ಲಿ, ಅಗ್ಗದ ಲೋಹಗಳಿಂದ, ಆ ನಾಲ್ಕು ಎಲೆಕ್ಟ್ರಾನ್ ಕೀಳುವುದು ಹೇಗೆಂಬುದೇ ಇಂದಿನ ಹುಡುಕಾಟ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಇದೇ ದಾರಿ ಹಿಡಿದು, ಯಾವ ಬಗೆಯ ಮ್ಯಾಂಗನೀಸ್, ಕೋಬಾಲ್ಟ್ ಆಕ್ಸೈಡ್‌ಗಳು ನೀರಿನಿಂದ ಆಮ್ಲಜನಕವನ್ನು ಚೆನ್ನಾಗಿ ಬಿಡಿಸುತ್ತವೆ ಎಂಬುದನ್ನು 2013ರಲ್ಲಿ ಪ್ರಕಟಿಸಿತು.