ನೀರಿನ ಮೇಲಿನ ಮನೆಯನ್ನು ನೋಡಲು ಹೋಗುವ ಮುನ್ನ

(ಮಧುವನಹಳ್ಳಿಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಳೆದ ಸಭೆ ಮುಗಿದ ಮೇಲೆ ಯುವಕರೊಬ್ಬರು ತಮ್ಮ ಮೊಬೈಲಿನಲ್ಲಿ ನನಗೊಂದು ಚಿತ್ರ ತೋರಿಸಿದರು. ದಟ್ಟ ಕಾಡು, ನಡುವೆ ಒಂದು ಹಳ್ಳ, ಹಳ್ಳದ ಮೇಲಕ್ಕೇ ಚಾಚಿಕೊಂಡ ಬಿಸಿಲುಮಚ್ಚುಗಳು, ಅವುಗಳ ಅಡಿಯಿಂದಲೇ ಧುಮುಕುವ ನೀರು. "ನಮ್ಮ ಹಳ್ಳದ ಮೇಲೂ ಇಂಥದೊಂದು ಕಟ್ಬುಟ್ರೆ ಬೆಂಗಳೂರಿನೋರು ಸಾಲಾಗಿ ನಿಲ್ತಾರೆ, ಅಲ್ವಾ ಸಾ?" ಎಂದು ಕೇಳಿದರು. ಬೆಟ್ಟದ ತಪ್ಪಲಿನಲ್ಲಿರುವ ಅವರ ಎರಡು ಎಕರೆ ಜಮೀನನ್ನು ಅತಿಥಿಗೃಹಕ್ಕೆಂದು ಕೇಳಿಕೊಂಡು ಹೊರಗಿನವರು ಬಂದಿದ್ದಾರೆ. ಚಿತ್ರ ಕಳುಹಿಸಿದವರೂ ಅವರೇ. ಮನೆಯಲ್ಲಿ ಸಾಲವಿದೆ, ಮದುವೆಗೆ ಬಂದ ತಂಗಿಯಿದ್ದಾಳೆ. ಅಂಥವರಿಗೆ "ಪರಿಸರ ಹಾಳಾಗುತ್ತದೆ, ಬೇಡ" ಎಂದು ಒಂದೇ ಮಾತಿನಲ್ಲಿ ಹೇಳಿ ಎದ್ದುಹೋಗುವುದು ನನಗೆ ಸರಿಯೆನಿಸಲಿಲ್ಲ. ಆ ಮನೆಯನ್ನು ನಾನೇ ನೋಡಿ ಬರುವ ಯೋಜನೆ ಹಾಕಿಕೊಂಡಿದ್ದೇನೆ ಎಂದೆ. ಇಂದಿನ ಮಾತು ಆ ಯೋಜನೆಯ ಕುರಿತು.

ಚಿತ್ರದಲ್ಲಿರುವ ಮನೆಯ ಹೆಸರು ಫಾಲಿಂಗ್‌ವಾಟರ್. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬೆಟ್ಟಸೀಮೆಯಲ್ಲಿ, ಬೇರ್ ರನ್ ಎಂಬ ಹಳ್ಳದ ಮೇಲಿದೆ. ಪಿಟ್ಸ್‌ಬರ್ಗ್ ನಗರದ ವರ್ತಕ ಎಡ್ಗರ್ ಕಾಫ್‌ಮನ್ ಎಂಬವರಿಗಾಗಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1935ರಲ್ಲಿ ಇದನ್ನು ರೂಪಿಸಿದರು. ಆಗ ಅವರಿಗೆ 68 ವರ್ಷ. ಜಲಪಾತವನ್ನು ಎದುರಿನಿಂದ ನೋಡುವಂತೆ ಮನೆ ಬೇಕೆಂಬುದು ಕಾಫ್‌ಮನ್ನರ ನಿರೀಕ್ಷೆಯಾಗಿತ್ತು, ನಾವು ಭರಚುಕ್ಕಿಯನ್ನು ನೋಡುವ ಹಾಗೆ. ರೈಟ್ ಮನೆಯನ್ನು ಜಲಪಾತದ ನೆತ್ತಿಯ ಮೇಲೆಯೇ ಕೂರಿಸಿಬಿಟ್ಟರು. ಗೋಡೆಗಳ ಮರಳುಗಲ್ಲನ್ನು ಅದೇ ಜಮೀನಿನಿಂದ ತೆಗೆದರು. ಅಲ್ಲಿದ್ದ ಹೆಬ್ಬಂಡೆಯನ್ನು ಒಡೆಯದೆ ಒಲೆಯ ಮುಂದಿನ ನೆಲದಲ್ಲಿ ಹಾಗೆಯೇ ಉಳಿಸಿಕೊಂಡರು. 2019ರಲ್ಲಿ ಯುನೆಸ್ಕೋ ಇದನ್ನು ರೈಟ್ ಅವರ ಇನ್ನೂ ಏಳು ಕಟ್ಟಡಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನನ್ನ ತಂಗಿಯ ಸಂಸಾರ ಪಿಟ್ಸ್‌ಬರ್ಗಿನಲ್ಲಿದೆ. ನಿಮ್ಮಲ್ಲಿ ಕೆಲವರ ಮಕ್ಕಳೂ ಆ ದೇಶದಲ್ಲಿದ್ದಾರೆ; ಅಲ್ಲಿಗೆ ಹೋದ ತಂದೆತಾಯಿಯರು ಆ ಊರಿನ ವೆಂಕಟೇಶ್ವರ ದೇವಾಲಯವನ್ನು ನೋಡದೆ ಬರುವುದು ಅಪರೂಪ. ಅಲ್ಲಿಂದ ಈ ಮನೆಗೆ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಆದರೆ ನಮ್ಮ ಬೆಟ್ಟಕ್ಕೆ ಹೋದ ಹಾಗೆ ಮನಸ್ಸು ಬಂದಾಗ ಹೋಗುವಂತಿಲ್ಲ. ಬುಧವಾರ ರಜೆ. ಚಳಿಗಾಲದ ನಡುವೆ ಮುಚ್ಚಿರುತ್ತದೆ. ಟಿಕೆಟನ್ನು ಮೊದಲೇ ಕಾದಿರಿಸಬೇಕು. ಆರು ವರ್ಷದೊಳಗಿನ ಮಕ್ಕಳಿಗೆ ಮನೆಯೊಳಗೆ ಪ್ರವೇಶವಿಲ್ಲ. ವಾಹನವನ್ನು ದೂರದಲ್ಲೇ ಬಿಟ್ಟು ಕಾಡಿನ ದಾರಿಯಲ್ಲಿ ನಡೆದು ಹೋಗಬೇಕು. ಇಷ್ಟು ನಿರ್ಬಂಧಗಳಿದ್ದರೂ ವರ್ಷಕ್ಕೆ ಲಕ್ಷಕ್ಕೂ ಮಿಕ್ಕಿ ಜನ ಹೋಗುತ್ತಾರೆ. ನಿರ್ಬಂಧಗಳಿರುವುದರಿಂದಲೇ ಅಷ್ಟು ಜನರನ್ನು ಆ ಸ್ಥಳ ತಾಳಿಕೊಂಡಿದೆ ಎಂಬುದು ನನ್ನ ಅಭಿಪ್ರಾಯ. ದೇವಸ್ಥಾನದ ಬಾಗಿಲವರೆಗೂ ಕಾರು ಬರಲೇಬೇಕೆನ್ನುವ ನಮ್ಮವರಿಗೆ ಇದು ರುಚಿಸಲಾರದು!

ಅಲ್ಲಿ ಏನನ್ನು ನೋಡಬೇಕು? ಮೊದಲಿಗೆ ಆ ಚಾಚಿದ ಬಿಸಿಲುಮಚ್ಚುಗಳ ಅಡಿಯನ್ನು. ನಮ್ಮ ಮನೆಗಳ ಸಜ್ಜಾದ ಹಾಗೆ ಅವು ಒಂದು ಕಡೆ ಮಾತ್ರ ಕಚ್ಚಿಕೊಂಡಿವೆ, ಮುಂದಿನ ತುದಿಗೆ ಕಂಬವಿಲ್ಲ. ಕಟ್ಟುವಾಗಲೇ ಕಾಫ್‌ಮನ್ನರ ಎಂಜಿನಿಯರುಗಳು ಸಂದೇಹಪಟ್ಟು ತೊಲೆಗಳಿಗೆ ಹೆಚ್ಚುವರಿ ಕಬ್ಬಿಣ ಹಾಕಿಸಿದರು. ಅದಕ್ಕೆ ರೈಟ್ ಸಿಡಿಮಿಡಿಗೊಂಡರು. ಆದರೂ ಆಧಾರದ ಹಲಗೆಗಳನ್ನು ತೆಗೆದ ಕೂಡಲೇ ತುದಿ ತಗ್ಗಿತು. ತಗ್ಗುತ್ತಲೇ ಹೋಗಿ 1990ರ ದಶಕದ ಹೊತ್ತಿಗೆ ಸುಮಾರು 7 ಅಂಗುಲವಾಯಿತು. 1997ರಲ್ಲಿ ಹಳ್ಳದಿಂದಲೇ ಕಬ್ಬಿಣದ ಊರೆಗಳನ್ನು ಕೊಟ್ಟು ನಿಲ್ಲಿಸಬೇಕಾಯಿತು. 2002ರಲ್ಲಿ ನೆಲದ ಕಲ್ಲುಗಳಿಗೆ ಸಂಖ್ಯೆ ಬರೆದು ಎಬ್ಬಿಸಿ, ತೊಲೆಗಳಿಗೆ ಉಕ್ಕಿನ ಹಗ್ಗ ಪೋಣಿಸಿ ಬಿಗಿದು, ಕಲ್ಲುಗಳನ್ನು ಮತ್ತೆ ಅವುಗಳ ಸ್ಥಾನದಲ್ಲೇ ಕೂರಿಸಿದರು. ಕಟ್ಟಲು ತಗುಲಿದ್ದು ಸುಮಾರು 1,55,000 ಡಾಲರ್. ಆ ಕಾಲದ ದುರಸ್ತಿ ಕಾರ್ಯಗಳಿಗೆ ತಗುಲಿದ್ದು ಒಂದು ಕೋಟಿ ಡಾಲರಿಗೂ ಹೆಚ್ಚು. ಸೋರಿಕೆ ಬೇರೆ. ಅದನ್ನು ಏಳು ಬಕೆಟ್ಟಿನ ಮನೆಯೆಂದು ಕಾಫ್‌ಮನ್ನರೇ ತಮಾಷೆ ಮಾಡುತ್ತಿದ್ದರಂತೆ. ಮಗ್ಗುಲಲ್ಲೇ ನೀರಿದ್ದು ಸದಾ ತೇವವಾಡುವ ಕಡೆ ಕಾಂಕ್ರೀಟಿನ ಬಾಳು ಹೀಗೆಯೇ.

ಎರಡನೆಯದಾಗಿ, ಆ ಹಳ್ಳದ ಮೇಲುಭಾಗವನ್ನು ನೋಡಬೇಕು. ಚಿತ್ರದಲ್ಲಿ ಕಾಣಿಸದ ಸಂಗತಿ ಇದು, ನನಗೆ ಮುಖ್ಯವಾದುದೂ ಇದೇ. 1963ರಲ್ಲಿ ಕಾಫ್‌ಮನ್ನರ ಮಗ ಮನೆಯನ್ನೂ ಸುತ್ತಲಿನ ಸುಮಾರು 1,500 ಎಕರೆ ನೆಲವನ್ನೂ ಪಶ್ಚಿಮ ಪೆನ್ಸಿಲ್ವೇನಿಯಾದ ಪ್ರಕೃತಿ ಸಂರಕ್ಷಣಾ ಸಂಸ್ಥೆಗೆ ಒಪ್ಪಿಸಿದರು. ಈಗ ಆ ಕಾಯ್ದಿಟ್ಟ ಕಾಡು 5,000 ಎಕರೆಯಷ್ಟಿದೆ. ಹಳ್ಳಕ್ಕೆ ನೀರು ಇಳಿದು ಬರುವ ಇಳಿಜಾರಿನ ಬಹುಭಾಗ ಮರದ ನೆರಳಿನಲ್ಲಿದೆ. ಮಳೆ ಮತ್ತು ಹಿಮ ಅಲ್ಲಿ ವರ್ಷವಿಡೀ ಹಂಚಿಕೊಂಡು ಬೀಳುತ್ತವೆ. ಕಾಡಿನ ಮಣ್ಣು ಅದನ್ನು ಹೀರಿ ನಿಧಾನವಾಗಿ ಬಿಡುತ್ತದೆ. ಎರಡು ಎಕರೆಯ ಮನೆಯಲ್ಲ ಅದು, 5,000 ಎಕರೆಯ ಮನೆ. ಅಲ್ಲಿಯ ಹೆಮ್ಲಾಕ್ ಮರಗಳಿಗೆ ಹೊರದೇಶದಿಂದ ಬಂದ ಒಂದು ಸಣ್ಣ ರಸಹೀರುವ ಕೀಟ ತಗುಲಿದಾಗ, ಮರಗಳಿಗೆ ಚಿಕಿತ್ಸೆ ಕೊಡುವುದೂ ಮನೆ ಕಾಯುವವರ ಕೆಲಸವೇ ಆಯಿತು. ಹಿಪ್ಪುನೇರಳೆಯ ಹಿಟ್ಟುತಿಗಣೆಯೊಡನೆ ಹೋರಾಡಿದ ನಿಮಗೆ ಆ ಶ್ರಮವನ್ನು ನಾನು ವಿವರಿಸಬೇಕಿಲ್ಲ.

ಆ ಹಳ್ಳವೂ ಸದಾ ಸಾಧುವಲ್ಲ. 2017ರ ಬೇಸಿಗೆಯ ಪ್ರವಾಹವೊಂದರಲ್ಲಿ ಮನೆಯ ಬಳಿ ನೀರಂಚಿನಲ್ಲಿದ್ದ ಶಿಲ್ಪ ಉರುಳಿ ನೀರುಪಾಲಾಗಿತ್ತು.

ಮೂರನೆಯದು ಕೇಳಲು ಸಂಕೋಚವಾಗುವ ಪ್ರಶ್ನೆ: ಅಷ್ಟು ಜನರ ಶೌಚದ ನೀರು ಎಲ್ಲಿಗೆ ಹೋಗುತ್ತದೆ? ಹಳ್ಳಕ್ಕೆ ಸೇರದಂತೆ ಅದನ್ನು ಸಂಸ್ಕರಿಸುವ ವ್ಯವಸ್ಥೆ ಅಲ್ಲಿದೆ. ಬಿಸಿಲುಮಚ್ಚಿನ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಅದನ್ನು ನೋಡಲು ಅನುಮತಿ ಕೇಳುವುದು ನನ್ನ ಆಸೆ. ತಂಗಿ ಈಗಲೇ ನಗುತ್ತಿದ್ದಾಳೆ.

ಇನ್ನು ನಮ್ಮ ಹಳ್ಳ. ವರ್ಷದ ಹೆಚ್ಚು ತಿಂಗಳು ಮರಳು, ಬಂಡೆ, ಲಂಟಾನ. ಮೇ ತಿಂಗಳಲ್ಲೊಮ್ಮೆ, ಮತ್ತೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಒಂದೇ ರಾತ್ರಿ ತುಂಬಿ ಬರುತ್ತದೆ. ಬೇರ್ ರನ್ನಿನಂತೆ ವರ್ಷವಿಡೀ ಧುಮುಕುವುದಿಲ್ಲ. ಅತಿಥಿಗಳಿಗೆ ನೀರು ತೋರಿಸಲೇಬೇಕೆಂದರೆ ಅಡ್ಡಗಟ್ಟೆ ಹಾಕಬೇಕು ಇಲ್ಲವೇ ಕೊಳವೆಬಾವಿಯಿಂದ ಎತ್ತಿ ಹರಿಸಬೇಕು. ಎರಡರಲ್ಲಿ ಯಾವುದಾದರೂ ಕೆಳಗಿನ ಬಾವಿಗಳಿಗೆ ತಟ್ಟುತ್ತದೆ. ಶೌಚಗುಂಡಿಯ ನೀರು ಇಳಿಯುವುದೂ ಆ ಮರಳಿಗೇ. ಆ ಯುವಕರ ಸಾಲ ತೀರಬೇಕೆಂಬುದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಹಳ್ಳದಿಂದ ಹಿಂದೆ ಸರಿದ ಎತ್ತರದ ಅಂಚಿನಲ್ಲಿ, ಇಲ್ಲಿಯದೇ ಕಲ್ಲು ಮತ್ತು ಹೆಂಚಿನಿಂದ ಎರಡು ಕೋಣೆಗಳನ್ನು ಅವರೇ ಕಟ್ಟಿ ನಡೆಸಲು ಸಾಧ್ಯವೇ ಎಂದು ಲೆಕ್ಕ ಹಾಕೋಣ. ಅದಕ್ಕೆ ಹಳ್ಳ ಎಲ್ಲಿಯವರೆಗೆ ಬರುತ್ತದೆಂದು ಮೊದಲು ತಿಳಿಯಬೇಕು. ಅದನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ.

ಆದ್ದರಿಂದ ವಿದ್ಯಾರ್ಥಿಗಳು ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಇಲ್ಲಿ ಸೇರಬೇಕು. ಅಳತೆಯ ಟೇಪು, ಸುಣ್ಣದ ಪುಡಿ, ಮಧ್ಯಾಹ್ನದ ಬುತ್ತಿ ತನ್ನಿ. ಹಿರಿಯರಲ್ಲಿ ನಡೆಯಬಲ್ಲವರು ಜೊತೆಗೆ ಬಂದು, ತಮ್ಮ ನೆನಪಿನಲ್ಲಿ ನೀರು ಏರಿದ ಬಂಡೆಗಳನ್ನು ತೋರಿಸಿಕೊಡಬೇಕೆಂದು ಕೋರುತ್ತೇನೆ. ಅಲ್ಲಿ ಸುಣ್ಣದ ಗುರುತು ಹಾಕೋಣ. ಜಮೀನಿನ ಯುವಕರೂ ಬರುವುದಾಗಿ ಒಪ್ಪಿದ್ದಾರೆ. ಹೊರಗಿನವರಿಗೆ ಉತ್ತರ ಕೊಡಲು ಅವರಿಗೆ ಇನ್ನೂ ಇಪ್ಪತ್ತು ದಿನಗಳಿವೆ.